ಅಳಿಸಿದ ಮೇಲೂ ಖಾಲಿಯಾಗದ ಜಾಗ: ಕ್ಲೌಡ್ ಡೇಟಾ ವೇರ್‌ಹೌಸ್‌ನಲ್ಲಿ ಹಳೆಯ ದತ್ತಾಂಶವನ್ನು ತೆರವುಗೊಳಿಸುವ ಕ್ರಮ

ಮಲೆನಾಡಿನ ಅಡಿಕೆ ತೋಟಗಳಲ್ಲಿ ಗಾಳಿಯ ಆರ್ದ್ರತೆ, ಎಲೆಯ ಮೇಲಿನ ತೇವ, ಮಣ್ಣಿನ ತೇವಾಂಶ ಮತ್ತು ಮಳೆಯನ್ನು ಅಳೆಯುವ ಉಪಕರಣಗಳನ್ನು ಹಾಕಿಸಿಕೊಳ್ಳುವವರು ಅಲ್ಲಲ್ಲಿ ಸಿಗುತ್ತಾರೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಯಾವಾಗ ಹೊಡೆಸಬೇಕು, ಎರಡನೆಯ ಸುತ್ತು ಬೇಕೇ ಎಂಬ ನಿರ್ಧಾರಕ್ಕೆ ಈ ಅಳತೆಗಳು ನೆರವಾಗುತ್ತವೆ. ಆದರೆ ನಿಮಿಷಕ್ಕೊಂದು ದಾಖಲೆ ಕಳುಹಿಸುವ ಒಂದು ಉಪಕರಣದಿಂದ ವರ್ಷಕ್ಕೆ 5,25,600 ಸಾಲುಗಳು ಬಂದು ಸೇರುತ್ತವೆ. ತೀರ್ಥಹಳ್ಳಿಯಿಂದ ಸಾಗರದವರೆಗೆ 200 ತೋಟಗಳಲ್ಲಿ ಅಂಥ ಉಪಕರಣಗಳಿವೆ ಎಂದಿಟ್ಟುಕೊಂಡರೆ ವರ್ಷಕ್ಕೆ ಹತ್ತೂವರೆ ಕೋಟಿ ಸಾಲು, ಐದು ವರ್ಷಕ್ಕೆ ಐವತ್ತೆರಡು ಕೋಟಿ ದಾಟುತ್ತದೆ. ಇಂಥ ದತ್ತಾಂಶವನ್ನು ನೋಡಿಕೊಳ್ಳುವ ಒಂದು ಸಣ್ಣ ಕಚೇರಿ ಶಿವಮೊಗ್ಗದಲ್ಲಿದೆ, ದತ್ತಾಂಶವೆಲ್ಲ ಅಮೆಜಾನ್ ರೆಡ್‌ಶಿಫ್ಟ್‌ನಲ್ಲಿ (ದೊಡ್ಡ ಪ್ರಮಾಣದ ದತ್ತಾಂಶವನ್ನು ಬಾಡಿಗೆ ಸರ್ವರ್‌ಗಳಲ್ಲಿಟ್ಟು ವಿಶ್ಲೇಷಿಸುವ ಸೇವೆ, ಅಂದರೆ ಕ್ಲೌಡ್ ಡೇಟಾ ವೇರ್‌ಹೌಸ್), ಮುಂಬೈ ವಲಯದ ಸರ್ವರ್‌ಗಳಲ್ಲಿ ಇದೆ ಎಂದು ಕಲ್ಪಿಸಿಕೊಳ್ಳಿ. ಹಳೆಯ ಮೂರು ವರ್ಷದ ದಾಖಲೆಗಳನ್ನು ತೆಗೆದರೆ ಖರ್ಚು ಇಳಿಯಬಹುದೆಂದು ಅಲ್ಲಿನವರು ಡಿಲೀಟ್ ಆಜ್ಞೆ ಕೊಡುತ್ತಾರೆ, ಆಜ್ಞೆ ಯಶಸ್ವಿಯಾಯಿತೆಂಬ ಉತ್ತರವೂ ಬರುತ್ತದೆ, ಆದರೆ ಟೇಬಲ್ ಹಿಡಿದಿರುವ ಜಾಗ ಮೊದಲಿದ್ದಷ್ಟೇ ಇರುತ್ತದೆ.

ಹಾಗೇಕೆ ಆಗುತ್ತದೆ, ಜಾಗವನ್ನು ನಿಜವಾಗಿ ಮರಳಿ ಪಡೆಯಲು ಯಾವ ಕ್ರಮದಲ್ಲಿ ಏನು ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇನೆ. ಆಜ್ಞೆಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಕನ್ಸೋಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಒಳಗೆ ನಡೆಯುವುದೇನು

ರೆಡ್‌ಶಿಫ್ಟ್ ದತ್ತಾಂಶವನ್ನು ಸಾಲು ಸಾಲಾಗಿ ಇಡುವುದಿಲ್ಲ, ಕಾಲಂ ಕಾಲಂ ಆಗಿ ಇಡುತ್ತದೆ. ಪ್ರತಿ ಕಾಲಂನ ಮೌಲ್ಯಗಳು ತಲಾ 1 ಎಂಬಿಯ ಬ್ಲಾಕ್‌ಗಳಲ್ಲಿ ಸಂಕುಚಿತವಾಗಿ ಕೂತಿರುತ್ತವೆ. ಒಮ್ಮೆ ಬರೆದ ಬ್ಲಾಕ್ ಅನ್ನು ಮಧ್ಯದಲ್ಲಿ ತಿದ್ದಲು ಬರುವುದಿಲ್ಲ. ಆದ್ದರಿಂದ ಡಿಲೀಟ್ ಎಂದಾಗ ಅದು ಸಾಲನ್ನು ಕಿತ್ತೆಸೆಯುವ ಬದಲು, ಈ ಸಾಲು ಇಂಥ ವ್ಯವಹಾರದಲ್ಲಿ (ಟ್ರಾನ್ಸಾಕ್ಷನ್, ಅಂದರೆ ಒಟ್ಟಾಗಿ ನಡೆಯುವ ಆಜ್ಞೆಗಳ ಗುಂಪು) ಅಳಿದಿದೆ ಎಂಬ ಗುರುತನ್ನು ಅದಕ್ಕೆ ಹಚ್ಚುತ್ತದೆ. ಮಂಡಿಯ ಖಾತೆ ಪುಸ್ತಕದಲ್ಲಿ ಒಂದು ಸಾಲಿನ ಮೇಲೆ ಗೀಟು ಎಳೆದರೆ ಲೆಕ್ಕದಿಂದ ಆ ಮೊತ್ತ ಹೋಗುತ್ತದೆಯೇ ಹೊರತು ಪುಟದಲ್ಲಿ ಸಾಲು ಹಿಡಿದ ಜಾಗ ಬಿಡುಗಡೆಯಾಗುವುದಿಲ್ಲವಲ್ಲ, ಇದೂ ಹಾಗೆಯೇ. ಆ ಗೀಟು ಬಿದ್ದ ಸಾಲುಗಳನ್ನು ಬಿಟ್ಟು ಉಳಿದವನ್ನು ಹೊಸ ಬ್ಲಾಕ್‌ಗಳಿಗೆ ಬರೆದು, ಹಳೆಯ ಬ್ಲಾಕ್‌ಗಳನ್ನು ಹಿಂದಿರುಗಿಸುವುದು ಇನ್ನೊಂದು ಕೆಲಸ. ಅದಕ್ಕೆ ವ್ಯಾಕ್ಯೂಮ್ ಎಂದು ಹೆಸರು.

ಅಪ್‌ಡೇಟ್ ಕೂಡ ಒಳಗೆ ಡಿಲೀಟ್ ಮತ್ತು ಇನ್ಸರ್ಟ್‌ಗಳ ಜೋಡಿಯೇ. ಪ್ರತಿ ರಾತ್ರಿ ಎಲ್ಲ ಸಾಲುಗಳ ಒಂದು ಕಾಲಂ ಅನ್ನು ತಿದ್ದುವ ಜಾಬ್ (ತಾನಾಗಿ ಓಡುವ ಕೆಲಸ) ಇದ್ದರೆ, ಯಾರೂ ಏನನ್ನೂ ಅಳಿಸದಿದ್ದರೂ ಟೇಬಲ್ ಊದಿಕೊಳ್ಳುತ್ತ ಹೋಗುತ್ತದೆ. ತೆರವು ಕಾರ್ಯಕ್ಕೆ ಕೈಹಾಕುವ ಮೊದಲು ಅಂಥ ಜಾಬ್ ಇದೆಯೇ ಎಂದು ಹುಡುಕಿ. ಎಷ್ಟೋ ಸಲ ಸಮಸ್ಯೆಯ ಮೂಲ ಹಳೆಯ ದತ್ತಾಂಶದಲ್ಲಿರುವುದಿಲ್ಲ, ಅಲ್ಲಿರುತ್ತದೆ.

ಜಾಗ ಉಳಿದರೆ ಹಣವೂ ಉಳಿಯುತ್ತದೆಯೇ

ಇದು ಕ್ಲಸ್ಟರ್‌ನ, ಅಂದರೆ ನೋಡ್ ಎನ್ನುವ ಸರ್ವರ್‌ಗಳ ಗುಂಪಿನ, ಬಗೆಯನ್ನು ಅವಲಂಬಿಸಿದೆ. ಆರ್‌ಎ3 ನೋಡ್‌ಗಳಲ್ಲಿ ಮತ್ತು ಸರ್ವರ್‌ಲೆಸ್ ಆವೃತ್ತಿಯಲ್ಲಿ ಸಂಗ್ರಹಕ್ಕೆ ಪ್ರತ್ಯೇಕವಾಗಿ, ಬಳಸಿದಷ್ಟಕ್ಕೆ ಬಿಲ್ ಆಗುತ್ತದೆ. ಅಲ್ಲಿ ಜಾಗ ಬಿಡುಗಡೆಯಾದರೆ ಬಿಲ್ ಇಳಿಯುತ್ತದೆ. ಹಳೆಯ ಡಿಸಿ2 ನೋಡ್‌ಗಳಲ್ಲಿ ಡಿಸ್ಕ್ ನೋಡ್‌ನ ಬೆಲೆಯಲ್ಲೇ ಸೇರಿದೆ. ಅಲ್ಲಿ ಎಷ್ಟು ಅಳಿಸಿದರೂ ನೋಡ್‌ಗಳ ಸಂಖ್ಯೆ ಕಡಿಮೆ ಮಾಡುವವರೆಗೆ ಒಂದು ರೂಪಾಯಿಯೂ ಉಳಿಯುವುದಿಲ್ಲ, ಡಿಸ್ಕ್ ತುಂಬಿ ಕ್ವೆರಿಗಳು (ದತ್ತಾಂಶಕ್ಕೆ ಕೇಳುವ ಪ್ರಶ್ನೆಗಳು) ನಿಲ್ಲುವುದು ತಪ್ಪುತ್ತದೆ ಅಷ್ಟೇ. ಅದೂ ಸಣ್ಣ ಲಾಭವಲ್ಲ, ಆದರೆ ಆಡಳಿತ ಮಂಡಳಿಗೆ ಉಳಿತಾಯದ ಮಾತು ಕೊಡುವ ಮೊದಲು ಇದನ್ನು ತಿಳಿದಿರಬೇಕು.

ಮೊದಲ ಹೆಜ್ಜೆ: ಅಳತೆ

ಎಸ್‌ವಿವಿ_ಟೇಬಲ್_ಇನ್ಫೋ ಎಂಬ ಸಿಸ್ಟಂ ವ್ಯೂ (ಟೇಬಲ್‌ನಂತೆ ಓದಬಹುದಾದ, ಉಳಿಸಿಟ್ಟ ಕ್ವೆರಿ) ತೆರೆಯಿರಿ. ಸಾಮಾನ್ಯವಾಗಿ ಸೂಪರ್‌ಯೂಸರ್‌ಗೆ ಮಾತ್ರ ಅದು ಕಾಣುತ್ತದೆ. ಅದರ ಸೈಜ್ ಕಾಲಂ ಟೇಬಲ್ ಎಷ್ಟು ಎಂಬಿ ಹಿಡಿದಿದೆ ಎಂದು ಹೇಳುತ್ತದೆ. ಟಿಬಿಎಲ್_ರೋಸ್ ಎಂಬುದು ಅಳಿದ ಗುರುತು ಬಿದ್ದು ಇನ್ನೂ ತೆರವಾಗದ ಸಾಲುಗಳನ್ನೂ ಸೇರಿಸಿದ ಒಟ್ಟು ಸಂಖ್ಯೆ, ಎಸ್ಟಿಮೇಟೆಡ್_ವಿಸಿಬಲ್_ರೋಸ್ ಎಂಬುದು ಕ್ವೆರಿಗೆ ಕಾಣುವ ಸಾಲುಗಳ ಅಂದಾಜು. ಇವೆರಡರ ನಡುವಿನ ಅಂತರವೇ ನಿಮಗೆ ಮರಳಿ ಬರಬೇಕಾದ ಜಾಗದ ಸುಳಿವು. ಅನ್‌ಸಾರ್ಟೆಡ್ ಕಾಲಂ ಎಷ್ಟು ಪ್ರತಿಶತ ಸಾಲುಗಳು ವಿಂಗಡಣೆಯಾಗದೆ ಉಳಿದಿವೆ ಎಂದು ತೋರಿಸುತ್ತದೆ. ವ್ಯಾಕ್ಯೂಮ್‌ನ ಬಗೆಯನ್ನು ಆರಿಸುವಾಗ ಅದು ಬೇಕಾಗುತ್ತದೆ. ಖಾಲಿ ಟೇಬಲ್‌ಗಳು ಈ ವ್ಯೂನಲ್ಲಿ ಕಾಣಿಸುವುದಿಲ್ಲವೆಂಬುದು ನೆನಪಿರಲಿ.

ಗಾತ್ರದ ಇಳಿಕೆ ಕ್ರಮದಲ್ಲಿ ಪಟ್ಟಿ ಮಾಡಿ, ದಿನಾಂಕ ಹಾಕಿ ಉಳಿಸಿಕೊಳ್ಳಿ. ಕೆಲಸ ಮುಗಿದ ಮೇಲೆ ಹೋಲಿಸಲು ಬೇರೆ ಆಧಾರವಿರುವುದಿಲ್ಲ. ಈ ಪಟ್ಟಿಯನ್ನು ನೋಡುವಾಗಲೇ ಹೆಸರಿನ ಕೊನೆಗೆ ಬ್ಯಾಕಪ್, ಹಳೆಯದು, ಟೆಸ್ಟ್ ಎಂದಿರುವ ಟೇಬಲ್‌ಗಳು ಕಣ್ಣಿಗೆ ಬೀಳುತ್ತವೆ. ಯಾರ ಕೆಲಸಕ್ಕೂ ಬೇಡವೆಂದು ವಿಚಾರಿಸಿ ಖಚಿತಪಡಿಸಿಕೊಂಡು ಅವನ್ನು ಡ್ರಾಪ್ ಮಾಡುವುದು, ಅಂದರೆ ಟೇಬಲ್ ಸಮೇತ ತೆಗೆದುಹಾಕುವುದು, ಎಲ್ಲಕ್ಕಿಂತ ಸುಲಭದ ಉಳಿತಾಯ. ಮೂಲ ಟೇಬಲ್‌ನ ದತ್ತಾಂಶವನ್ನೇ ಮತ್ತೊಮ್ಮೆ ಹಿಡಿದಿಟ್ಟ ಮೆಟೀರಿಯಲೈಸ್ಡ್ ವ್ಯೂಗಳಿದ್ದರೆ ಅವನ್ನೂ ಈ ಹಂತದಲ್ಲೇ ಪಟ್ಟಿ ಮಾಡಿ.

ಎರಡನೆಯ ಹೆಜ್ಜೆ: ಏನನ್ನು ಉಳಿಸಬೇಕೆಂಬ ನಿರ್ಧಾರ

ಈ ಹೆಜ್ಜೆಯ ಬಗ್ಗೆ ನನಗೆ ಹೆಚ್ಚು ಕಾಳಜಿ. ಜಾಗವನ್ನು ಮತ್ತೆ ಕೊಳ್ಳಬಹುದು. ಕಳೆದ ವರ್ಷದ ಆಷಾಢದಲ್ಲಿ ಹೊಸನಗರದ ಒಂದು ತೋಟದಲ್ಲಿ ಎಲೆ ಎಷ್ಟು ಹೊತ್ತು ಒದ್ದೆಯಾಗಿತ್ತು ಎಂಬ ದಾಖಲೆಯನ್ನು ಎಲ್ಲಿಂದಲೂ ಮತ್ತೆ ತರಲಾಗುವುದಿಲ್ಲ.

ನಿಮಿಷದ ದಾಖಲೆಗಳನ್ನು ಗಂಟೆಯ ಸಾರಾಂಶವಾಗಿ ಇಳಿಸಿದರೆ ಅರವತ್ತು ಸಾಲುಗಳು ಒಂದಾಗುತ್ತವೆ, ಹಳೆಯ ವರ್ಷಗಳಿಗೆ ಬಹುಪಾಲು ಅಷ್ಟೇ ಸಾಕು. ಆದರೆ ಬರಿಯ ಸರಾಸರಿಯನ್ನು ಇಟ್ಟುಕೊಂಡು ಉಳಿದುದನ್ನು ಎಸೆಯಬೇಡಿ. ಕೊಳೆರೋಗದ ವಿಷಯದಲ್ಲಿ ಕಾಯಿ ಮತ್ತು ಎಲೆ ಎಷ್ಟು ಹೊತ್ತು ಸತತವಾಗಿ ಒದ್ದೆಯಾಗಿದ್ದವು ಎಂಬುದು ಮುಖ್ಯ, ಸರಾಸರಿ ಅದನ್ನು ಮುಚ್ಚಿಬಿಡುತ್ತದೆ. ಆದ್ದರಿಂದ ಗಂಟೆಗೆ ಕನಿಷ್ಠ, ಗರಿಷ್ಠ, ಸರಾಸರಿ, ಬಂದ ದಾಖಲೆಗಳ ಸಂಖ್ಯೆ, ಒದ್ದೆಯಾಗಿದ್ದ ನಿಮಿಷಗಳ ಸಂಖ್ಯೆ ಇವಿಷ್ಟನ್ನೂ ಸಾರಾಂಶದ ಟೇಬಲ್‌ನಲ್ಲಿಡಿ. ದಾಖಲೆಗಳ ಸಂಖ್ಯೆ ಏಕೆಂದರೆ, ಮಳೆಗಾಲದಲ್ಲಿ ವಿದ್ಯುತ್ತೂ ನೆಟ್‌ವರ್ಕ್‌ ಸಹ ಹೋಗಿ ಉಪಕರಣ ಮೌನವಾಗಿದ್ದ ಗಂಟೆಯನ್ನು ಒಣಗಿದ್ದ ಗಂಟೆಯೆಂದು ಮುಂದೆ ಯಾರೂ ತಪ್ಪಾಗಿ ಓದಬಾರದು. ಮಳೆಯನ್ನು ಸರಾಸರಿ ಮಾಡದೆ ಒಟ್ಟು ಮೊತ್ತವಾಗಿ ಉಳಿಸಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಸುರಿಯುವ ಮಳೆ, ಅದೇ ಜಿಲ್ಲೆಯ ಶಿಕಾರಿಪುರದ ಬಯಲಿಗೆ ಬರುವಷ್ಟರಲ್ಲಿ ಅದರ ಸಣ್ಣದೊಂದು ಪಾಲಿಗೆ ಇಳಿದಿರುತ್ತದೆ. ಊರೂರಿಗೆ ಇಷ್ಟು ಬೇರೆಯಾಗುವ ಅಳತೆಯನ್ನು ಪಕ್ಕದ ಊರಿನ ಅಂಕಿಯಿಂದ ತುಂಬಿಕೊಳ್ಳಲಾಗದು.

ರೈತರ ಫೋನ್ ಸಂಖ್ಯೆ, ಬ್ಯಾಂಕ್ ಖಾತೆ ಮುಂತಾದವು ಹಳೆಯ ಟೇಬಲ್‌ಗಳಲ್ಲಿದ್ದರೆ ಮಾತು ತಿರುಗುತ್ತದೆ. ಉದ್ದೇಶ ಮುಗಿದ ವೈಯಕ್ತಿಕ ದತ್ತಾಂಶವನ್ನು ಅಳಿಸುವುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯ. ಅಂಥ ಕಾಲಂಗಳನ್ನು ಸಾರಾಂಶಕ್ಕೂ ಆರ್ಕೈವ್‌ಗೂ ಒಯ್ಯಬೇಡಿ.

ಮೂರನೆಯ ಹೆಜ್ಜೆ: ಆರ್ಕೈವ್

ಅನ್‌ಲೋಡ್ ಆಜ್ಞೆಯಿಂದ ಹಳೆಯ ಸಾಲುಗಳನ್ನು ಎಸ್3 ಬಕೆಟ್‌ಗೆ (ಅಮೆಜಾನ್‌ನ ಫೈಲ್ ಸಂಗ್ರಹ ಸೇವೆಯ ಕೋಶ) ಪಾರ್ಕೆ ಎಂಬ ಫೈಲ್ ಸ್ವರೂಪದಲ್ಲಿ, ವರ್ಷ ಮತ್ತು ತಿಂಗಳಿಗೆ ತಕ್ಕಂತೆ ವಿಭಾಗಿಸಿ ಬರೆಯಿರಿ. ಪಾರ್ಕೆ ಕೂಡ ಕಾಲಂ ಆಧಾರಿತ ಸಂಕುಚಿತ ಸ್ವರೂಪವಾದ್ದರಿಂದ ಜಾಗ ಕಡಿಮೆ ಹಿಡಿಯುತ್ತದೆ, ಮತ್ತು ರೆಡ್‌ಶಿಫ್ಟ್ ಸ್ಪೆಕ್ಟ್ರಮ್ ಮೂಲಕ ಎಕ್ಸ್‌ಟರ್ನಲ್ ಟೇಬಲ್ ಆಗಿ ಅದನ್ನು ಅಲ್ಲಿಂದಲೇ ಓದಬಹುದು. ಹಾಗೆ ಓದಿ ವರ್ಷವಾರು ಸಾಲುಗಳ ಸಂಖ್ಯೆಯನ್ನೂ ಒಂದೆರಡು ಕಾಲಂಗಳ ಮೊತ್ತವನ್ನೂ ಮೂಲ ಟೇಬಲ್‌ನ ಜೊತೆ ತಾಳೆ ನೋಡುವುದು ಕಡ್ಡಾಯ. ಫೈಲ್‌ಗಳು ಬಕೆಟ್‌ನಲ್ಲಿ ಕಾಣುತ್ತಿವೆ ಎಂಬುದು ತಾಳೆಯಲ್ಲ.

ಅಪರೂಪಕ್ಕೆ ಬೇಕಾಗುವ ಫೈಲ್‌ಗಳನ್ನು ಗ್ಲೇಸಿಯರ್ ಎಂಬ ಅಗ್ಗದ ಸಂಗ್ರಹ ದರ್ಜೆಗೆ ಇಳಿಸುವ ನಿಯಮ ಹಾಕಬಹುದು. ಗ್ಲೇಸಿಯರ್ ಫ್ಲೆಕ್ಸಿಬಲ್ ರಿಟ್ರೀವಲ್‌ಗೆ ಕನಿಷ್ಠ 90 ದಿನ, ಡೀಪ್ ಆರ್ಕೈವ್‌ಗೆ ಕನಿಷ್ಠ 180 ದಿನಗಳ ಶುಲ್ಕವಿದೆ, ಆ ದರ್ಜೆಗಳಲ್ಲಿರುವ ಫೈಲ್‌ಗಳನ್ನು ಮರಳಿ ತರಿಸಿಕೊಳ್ಳದೆ ಸ್ಪೆಕ್ಟ್ರಮ್‌ನಿಂದ ಓದಲಾಗುವುದಿಲ್ಲ.

ನಾಲ್ಕನೆಯ ಹೆಜ್ಜೆ: ಅಳಿಸುವ ಬಗೆಯ ಆಯ್ಕೆ

ಟೇಬಲ್‌ನ ಎಲ್ಲ ಸಾಲುಗಳೂ ಬೇಡವಾದರೆ ಟ್ರಂಕೇಟ್ ಬಳಸಿ. ಅದು ಸಾಲುಗಳಿಗೆ ಗುರುತು ಹಚ್ಚುತ್ತ ಕೂರುವುದಿಲ್ಲ, ಬ್ಲಾಕ್‌ಗಳನ್ನೇ ಬಿಡುಗಡೆ ಮಾಡುತ್ತದೆ. ಆಮೇಲೆ ವ್ಯಾಕ್ಯೂಮ್ ಬೇಕಿಲ್ಲ. ಆದರೆ ಒಂದು ಎಚ್ಚರಿಕೆ: ರೆಡ್‌ಶಿಫ್ಟ್‌ನಲ್ಲಿ ಟ್ರಂಕೇಟ್ ನಡೆದ ಕ್ಷಣವೇ ಆ ವ್ಯವಹಾರವನ್ನು ಕಮಿಟ್ ಮಾಡಿಬಿಡುತ್ತದೆ, ಅಂದರೆ ಕಾಯಂಗೊಳಿಸುತ್ತದೆ. ಬಿಗಿನ್ ಎಂದು ಆರಂಭಿಸಿದ್ದರೂ ರೋಲ್‌ಬ್ಯಾಕ್‌ನಿಂದ ಹಿಂದಕ್ಕೆ ಬರಲಾಗದು, ಅದಕ್ಕೂ ಮುಂಚೆ ಅದೇ ವ್ಯವಹಾರದಲ್ಲಿ ಮಾಡಿದ ಬದಲಾವಣೆಗಳೂ ಜೊತೆಗೇ ಕಮಿಟ್ ಆಗುತ್ತವೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನಲ್ಲಿ ಟ್ರಂಕೇಟ್ ಅನ್ನು ಹಿಂಪಡೆದು ಅಭ್ಯಾಸವಿರುವವರು ಇದನ್ನು ವಿಶೇಷವಾಗಿ ನೆನಪಿಡಬೇಕು.

ನಮ್ಮ ಉದಾಹರಣೆಯಲ್ಲಿ ಐದು ವರ್ಷದಲ್ಲಿ ಮೂರನ್ನು ತೆಗೆಯಬೇಕಿದೆ, ಅಂದರೆ ಅರ್ಧಕ್ಕಿಂತ ಹೆಚ್ಚು. ಇಲ್ಲಿ ಡಿಲೀಟ್ ಮಾಡಿ ವ್ಯಾಕ್ಯೂಮ್ ಓಡಿಸುವುದಕ್ಕಿಂತ ಡೀಪ್ ಕಾಪಿ ಎನ್ನುವ ವಿಧಾನ ಬಹುತೇಕ ಬೇಗ ಮುಗಿಯುತ್ತದೆ. ಕ್ರಿಯೇಟ್ ಟೇಬಲ್ ಆಜ್ಞೆಯಲ್ಲಿ ಲೈಕ್ ಬಳಸಿ ಅದೇ ರಚನೆಯ ಹೊಸ ಟೇಬಲ್ ಮಾಡಿ, ಉಳಿಸಬೇಕಾದ ಎರಡು ವರ್ಷದ ಸಾಲುಗಳನ್ನಷ್ಟೇ ಇನ್ಸರ್ಟ್-ಸೆಲೆಕ್ಟ್‌ನಿಂದ ತುಂಬಿ, ಸಂಖ್ಯೆ ತಾಳೆ ನೋಡಿ, ಎರಡರ ಹೆಸರುಗಳನ್ನು ಒಂದೇ ವ್ಯವಹಾರದೊಳಗೆ ಅದಲುಬದಲು ಮಾಡಿ, ಎಲ್ಲ ಸರಿಯಿದೆಯೆಂದು ಕಂಡ ಮೇಲೆ ಹಳೆಯದನ್ನು ಡ್ರಾಪ್ ಮಾಡಬೇಕು. ಲೈಕ್ ಬಳಸಿದರೆ ಎನ್‌ಕೋಡಿಂಗ್, ಡಿಸ್ಟ್ ಕೀ (ಸಾಲುಗಳನ್ನು ನೋಡ್‌ಗಳಿಗೆ ಹಂಚಲು ಬಳಸುವ ಕಾಲಂ), ಸಾರ್ಟ್ ಕೀ (ಸಾಲುಗಳನ್ನು ವಿಂಗಡಿಸಲು ಬಳಸುವ ಕಾಲಂ) ಇವೆಲ್ಲ ಹೊಸ ಟೇಬಲ್‌ಗೂ ಬರುತ್ತವೆ. ಸಾಲನ್ನು ಗುರುತಿಸುವ ಪ್ರೈಮರಿ ಕೀ, ಬೇರೆ ಟೇಬಲ್‌ಗೆ ಕೊಂಡಿ ಹಾಕುವ ಫಾರಿನ್ ಕೀ ಬರುವುದಿಲ್ಲ. ಬಳಕೆದಾರರಿಗೆ ಕೊಟ್ಟ ಅನುಮತಿಗಳನ್ನೂ ಮತ್ತೆ ಕೊಡಬೇಕಾಗುತ್ತದೆ.

ಈ ವಿಧಾನದಲ್ಲಿ ಮೂರು ಕಡೆ ಕಾಲು ಜಾರುವ ಸಂಭವವಿದೆ. ನಕಲು ನಡೆಯುತ್ತಿರುವಾಗ ಎರಡೂ ಟೇಬಲ್‌ಗಳು ಜಾಗ ಹಿಡಿಯುವುದರಿಂದ, ಡಿಸ್ಕ್ ಈಗಾಗಲೇ ತುಂಬುವ ಹಂತದಲ್ಲಿದ್ದರೆ ಒಂದೊಂದು ವರ್ಷದ ಸಾಲುಗಳಂತೆ ಡಿಲೀಟ್ ಮತ್ತು ವ್ಯಾಕ್ಯೂಮ್ ಮಾಡುತ್ತ ಹೋಗುವುದೇ ಸುರಕ್ಷಿತ. ಎರಡನೆಯದಾಗಿ, ನಕಲು ಆರಂಭವಾದ ಮೇಲೆ ಹಳೆಯ ಟೇಬಲ್‌ಗೆ ಬಂದು ಬಿದ್ದ ಹೊಸ ದಾಖಲೆಗಳು ಹೊಸ ಟೇಬಲ್‌ನಲ್ಲಿ ಇರುವುದಿಲ್ಲ. ತೋಟದ ಉಪಕರಣಗಳು ನಿಮಗಾಗಿ ಕಾಯುವುದಿಲ್ಲವಾದ್ದರಿಂದ, ಅಷ್ಟು ಹೊತ್ತು ಒಳಬರುವ ದಾಖಲೆಗಳನ್ನು ಎಸ್3ನಲ್ಲೇ ಶೇಖರಿಸಿಟ್ಟು, ಹೆಸರು ಬದಲಾದ ಮೇಲೆ ಲೋಡ್ ಮಾಡಿ. ಮೂರನೆಯದು ವ್ಯೂಗಳದು: ಸಾಮಾನ್ಯ ವ್ಯೂ ಟೇಬಲ್‌ನ ಹೆಸರಿಗೆ ಅಂಟಿಕೊಂಡಿರುವುದಿಲ್ಲ, ಟೇಬಲ್‌ಗೇ ಅಂಟಿಕೊಂಡಿರುತ್ತದೆ. ಹೆಸರು ಅದಲುಬದಲಾದ ಮೇಲೂ ಅದು ಹಳೆಯ ಟೇಬಲ್‌ನಿಂದಲೇ ಓದುತ್ತಿರುತ್ತದೆ. ಅಂಥ ವ್ಯೂಗಳನ್ನು ಹೊಸದಾಗಿ ರಚಿಸಬೇಕು.

ತೆಗೆಯಬೇಕಾದ ಭಾಗ ಚಿಕ್ಕದಾಗಿದ್ದರೆ ಡಿಲೀಟ್ ಸಾಕು, ಅದರ ಹಿಂದೆಯೇ ವ್ಯಾಕ್ಯೂಮ್.

ಐದನೆಯ ಹೆಜ್ಜೆ: ವ್ಯಾಕ್ಯೂಮ್

ರೆಡ್‌ಶಿಫ್ಟ್ ತಾನಾಗಿಯೇ ಹಿನ್ನೆಲೆಯಲ್ಲಿ ವ್ಯಾಕ್ಯೂಮ್ ಡಿಲೀಟ್ ನಡೆಸುತ್ತದೆ. ಕ್ಲಸ್ಟರ್ ಮೇಲೆ ಹೊರೆ ಕಡಿಮೆ ಇರುವಾಗ ನಡೆಸಿ, ಹೊರೆ ಹೆಚ್ಚಾದಾಗ ನಿಲ್ಲಿಸುತ್ತದೆ. ದಿನನಿತ್ಯದ ಸಣ್ಣಪುಟ್ಟ ಅಳಿಸುವಿಕೆಗೆ ಅದು ಸಾಕು. ದೊಡ್ಡ ಪ್ರಮಾಣದಲ್ಲಿ ಅಳಿಸಿ ಜಾಗ ಕೂಡಲೇ ಬೇಕೆಂದಾಗ ನಾವೇ ಓಡಿಸಬೇಕು.

ಬರಿಯ ವ್ಯಾಕ್ಯೂಮ್ ಎಂದರೆ ಅದು ಫುಲ್, ಅಂದರೆ ಅಳಿದ ಸಾಲುಗಳನ್ನು ತೆರವುಗೊಳಿಸುವುದರ ಜೊತೆಗೆ ಉಳಿದವನ್ನು ಸಾರ್ಟ್ ಕೀಗೆ ತಕ್ಕಂತೆ ವಿಂಗಡಿಸುತ್ತದೆ. ವಿಂಗಡಣೆಯೇ ಹೆಚ್ಚು ಸಮಯ ತಿನ್ನುವ ಭಾಗ. ಉಪಕರಣದ ದಾಖಲೆಗಳು ಕಾಲಕ್ರಮದಲ್ಲೇ ಬರುತ್ತಿದ್ದು, ಸಾರ್ಟ್ ಕೀ ಕೂಡ ಸಮಯವೇ ಆಗಿದ್ದು, ಅನ್‌ಸಾರ್ಟೆಡ್ ಪ್ರಮಾಣ ಕಡಿಮೆಯಿದ್ದರೆ ವ್ಯಾಕ್ಯೂಮ್ ಡಿಲೀಟ್ ಓನ್ಲಿ ಎಂದು ಕೊಟ್ಟರೆ ಸಾಕು.

ಇನ್ನೊಂದು ಸೂಕ್ಷ್ಮವಿದೆ. ವ್ಯಾಕ್ಯೂಮ್‌ಗೆ 95 ಪ್ರತಿಶತದ ಮಿತಿ ಮೊದಲೇ ನಿಗದಿಯಾಗಿದೆ: ಉಳಿದ ಸಾಲುಗಳಲ್ಲಿ ಕನಿಷ್ಠ 95 ಪ್ರತಿಶತ ಅಳಿಯದ ಸಾಲುಗಳೇ ಆಗಿದ್ದರೆ ಅದು ತೃಪ್ತವಾಗುತ್ತದೆ. ಕೋಟಿಗಟ್ಟಲೆ ಸಾಲುಗಳ ಟೇಬಲ್‌ನಲ್ಲಿ ಉಳಿದ ಐದು ಪ್ರತಿಶತವೂ ದೊಡ್ಡದೇ. ಪೂರ್ತಿ ಜಾಗ ಬೇಕಾದರೆ ಟೇಬಲ್‌ನ ಹೆಸರಿನ ನಂತರ ಟು 100 ಪರ್ಸೆಂಟ್ ಎಂದು ಸೇರಿಸಿ.

ವ್ಯಾಕ್ಯೂಮ್ ಅನ್ನು ಬಿಗಿನ್ ಮತ್ತು ಕಮಿಟ್‌ಗಳ ನಡುವೆ ಓಡಿಸಲಾಗುವುದಿಲ್ಲ. ಒಂದು ಕ್ಲಸ್ಟರ್‌ನಲ್ಲಿ ಏಕಕಾಲಕ್ಕೆ ನಾವು ಓಡಿಸಬಹುದಾದದ್ದು ಒಂದೇ ವ್ಯಾಕ್ಯೂಮ್. ಟೇಬಲ್‌ನ ಒಡೆತನ ಅಥವಾ ಸೂಕ್ತ ಅನುಮತಿ ಇಲ್ಲದವರು ಓಡಿಸಿದರೆ ಆಜ್ಞೆ ಮುಗಿದಂತೆ ಕಾಣುತ್ತದೆ, ಆದರೆ ಟೇಬಲ್‌ನಲ್ಲಿ ಏನೂ ಬದಲಾಗಿರುವುದಿಲ್ಲ. ಬೂಸ್ಟ್ ಎಂಬ ಆಯ್ಕೆ ಹೆಚ್ಚಿನ ಸಂಪನ್ಮೂಲ ಬಳಸಿ ಬೇಗ ಮುಗಿಸುತ್ತದೆ, ಅಷ್ಟು ಹೊತ್ತು ಆ ಟೇಬಲ್ ಮೇಲಿನ ಡಿಲೀಟ್ ಮತ್ತು ಅಪ್‌ಡೇಟ್‌ಗಳು ಕಾಯಬೇಕಾಗುತ್ತದೆ.

ಮಲೆನಾಡಿನ ಕಚೇರಿಗಳಿಗೆ ನನ್ನ ಸಲಹೆಯೆಂದರೆ, ಗಂಟೆಗಟ್ಟಲೆ ನಡೆಯುವ ವ್ಯಾಕ್ಯೂಮ್ ಅನ್ನು ಮೇಜಿನ ಮೇಲಿನ ಲ್ಯಾಪ್‌ಟಾಪ್‌ನ ಸಂಪರ್ಕದಿಂದ ಓಡಿಸಬೇಡಿ. ಗಾಳಿಮಳೆಗೆ ಫೈಬರ್ ತುಂಡಾಗಿ ಸಂಪರ್ಕ ಕಡಿದರೆ ಕೆಲಸ ನಡುವೆಯೇ ನಿಲ್ಲಬಹುದು. ಟೇಬಲ್‌ಗೆ ಹಾನಿಯಾಗುವುದಿಲ್ಲ, ಆದರೆ ಮತ್ತೆ ಓಡಿಸಬೇಕಾಗುತ್ತದೆ. ಕ್ವೆರಿ ಎಡಿಟರ್‌ನ ವೇಳಾಪಟ್ಟಿಯಲ್ಲಿ ಅಥವಾ ಸಂಪರ್ಕ ತೆರೆದಿಡದೆ ಆಜ್ಞೆ ಕಳುಹಿಸುವ ರೆಡ್‌ಶಿಫ್ಟ್ ಡೇಟಾ ಎಪಿಐ ಮೂಲಕ ಕೊಟ್ಟರೆ ಕೆಲಸ ಮುಂಬೈಯ ಕಡೆಯಲ್ಲೇ ನಡೆದು ಮುಗಿಯುತ್ತದೆ. ದೊಡ್ಡ ತೆರವನ್ನು ಏಪ್ರಿಲ್, ಮೇ ತಿಂಗಳ ರಾತ್ರಿಗಳಿಗೆ ಇಟ್ಟುಕೊಳ್ಳಿ. ಮುಂಗಾರು ಹಿಡಿದ ಮೇಲೆ ತೇವದ ವರದಿಗಳಿಗಾಗಿ ರೈತರು ಕಾಯುತ್ತಿರುತ್ತಾರೆ. ಪ್ರಗತಿಯನ್ನು ಎಸ್‌ವಿವಿ_ವ್ಯಾಕ್ಯೂಮ್_ಪ್ರೋಗ್ರೆಸ್ ವ್ಯೂನಲ್ಲಿ ನೋಡಬಹುದು. ಮುಗಿದ ಮೇಲೆ ಅನಲೈಸ್ ಆಜ್ಞೆ ಕೊಟ್ಟು ಟೇಬಲ್‌ನ ಅಂಕಿಅಂಶಗಳನ್ನು ಹೊಸದಾಗಿಸಿ.

ಆದರೂ ಜಾಗ ಬಾರದಿದ್ದರೆ

ಮೊದಲು ಎಸ್‌ವಿವಿ_ಟ್ರಾನ್ಸಾಕ್ಷನ್ಸ್ ನೋಡಿ. ನೀವು ಡಿಲೀಟ್ ಮಾಡುವುದಕ್ಕಿಂತ ಮುಂಚೆ ತೆರೆದ ಯಾವುದೋ ವ್ಯವಹಾರ ಇನ್ನೂ ಮುಚ್ಚದೆ ಉಳಿದಿದ್ದರೆ, ಅದರ ದೃಷ್ಟಿಯಲ್ಲಿ ಆ ಸಾಲುಗಳು ಇನ್ನೂ ಬದುಕಿವೆ. ಆದ್ದರಿಂದ ವ್ಯಾಕ್ಯೂಮ್ ಅವನ್ನು ಮುಟ್ಟುವುದಿಲ್ಲ. ಬೆಳಿಗ್ಗೆ ರಿಪೋರ್ಟ್ ತೆರೆದು ಹಾಗೇ ಬಿಟ್ಟ ಒಂದು ಡ್ಯಾಶ್‌ಬೋರ್ಡ್ ಸಂಪರ್ಕ ಇದಕ್ಕೆ ಸಾಕು. ಅದನ್ನು ಮುಗಿಸಿ ವ್ಯಾಕ್ಯೂಮ್ ಅನ್ನು ಮತ್ತೆ ಓಡಿಸಿ.

ಟೇಬಲ್ ಬಹಳ ಚಿಕ್ಕದಾಗಿ ಉಳಿದಿದ್ದರೆ ಕನಿಷ್ಠ ಗಾತ್ರದ ಲೆಕ್ಕ ಬರುತ್ತದೆ. ಪ್ರತಿ ಕಾಲಂಗೆ, ದತ್ತಾಂಶವಿರುವ ಪ್ರತಿ ಸ್ಲೈಸ್‌ನಲ್ಲಿ (ನೋಡ್‌ನ ಒಂದು ಪಾಲು), ಕನಿಷ್ಠ 1 ಎಂಬಿಯ ಒಂದು ಬ್ಲಾಕ್ ಬೇಕು. ನಿಮ್ಮ ಕಾಲಂಗಳ ಜೊತೆ ಮೂರು ಸಿಸ್ಟಂ ಕಾಲಂಗಳು ಸೇರುತ್ತವೆ. ಸಾರ್ಟ್ ಕೀ ಇದ್ದರೆ ವಿಂಗಡಿಸಿದ ಮತ್ತು ವಿಂಗಡಿಸದ ಎರಡು ಭಾಗಗಳಿಗಾಗಿ ಅದು ಇಮ್ಮಡಿಯಾಗುತ್ತದೆ. 12 ಕಾಲಂ, 4 ಸ್ಲೈಸ್, ಸಾರ್ಟ್ ಕೀ ಇರುವ ಟೇಬಲ್ ನೂರೇ ಸಾಲುಗಳಿದ್ದರೂ 120 ಎಂಬಿವರೆಗೆ ತೋರಿಸಬಹುದು. ಅದರ ಹಿಂದೆ ಬಿದ್ದು ಸಮಯ ಕಳೆಯಬೇಡಿ.

ಟೇಬಲ್‌ಗಳು ಇಳಿದರೂ ಬಿಲ್ ಇಳಿಯದಿದ್ದರೆ ಸ್ನ್ಯಾಪ್‌ಶಾಟ್‌ಗಳ (ಕ್ಲಸ್ಟರ್‌ನ ಆ ಕ್ಷಣದ ನಕಲು ಪ್ರತಿಗಳ) ಕಡೆ ನೋಡಿ. ಕೈಯಾರೆ ತೆಗೆದ ಸ್ನ್ಯಾಪ್‌ಶಾಟ್‌ಗೆ ಅವಧಿ ಹಾಕದಿದ್ದರೆ ಅದನ್ನು ಅಳಿಸುವವರೆಗೂ ಇರುತ್ತದೆ, ಅದರೊಳಗೆ ನೀವು ತೆಗೆದುಹಾಕಿದ ಸಾಲುಗಳೆಲ್ಲ ಹಾಗೇ ಇರುತ್ತವೆ. ರೈತರ ವೈಯಕ್ತಿಕ ವಿವರ ಅಳಿಸಿದ್ದೇವೆಂದು ಹೇಳುವ ಮೊದಲಂತೂ ಇದನ್ನು ನೋಡಲೇಬೇಕು. ವರ್ಶನಿಂಗ್ ಚಾಲೂ ಇರುವ ಎಸ್3 ಬಕೆಟ್‌ನದೂ ಇದೇ ಕಥೆ: ಅಲ್ಲಿ ಫೈಲ್ ಅಳಿಸಿದರೆ ಅಳಿದ ಗುರುತಷ್ಟೇ ಬೀಳುತ್ತದೆ, ಹಳೆಯ ಆವೃತ್ತಿಗೆ ಶುಲ್ಕ ನಡೆಯುತ್ತಲೇ ಇರುತ್ತದೆ.

ಮುಂದಿನ ವರ್ಷಕ್ಕೆ

ವರ್ಷಕ್ಕೊಂದು ಅಥವಾ ತಿಂಗಳಿಗೊಂದು ಟೇಬಲ್ ಮಾಡಿ, ಅವೆಲ್ಲವನ್ನೂ ಯೂನಿಯನ್ ಆಲ್‌ನಿಂದ ಸೇರಿಸಿದ ಒಂದು ವ್ಯೂ ಅನ್ನು ಬಳಕೆದಾರರಿಗೆ ಕೊಟ್ಟರೆ, ಹಳೆಯ ವರ್ಷವನ್ನು ತೆಗೆಯುವುದು ವ್ಯೂ ತಿದ್ದಿ ಒಂದು ಟೇಬಲ್ ಡ್ರಾಪ್ ಮಾಡುವಷ್ಟಕ್ಕೆ ಇಳಿಯುತ್ತದೆ. ಡಿಲೀಟ್ ಇಲ್ಲ, ವ್ಯಾಕ್ಯೂಮ್ ಇಲ್ಲ. ವ್ಯೂ ರಚಿಸುವಾಗ ವಿತ್ ನೋ ಸ್ಕೀಮಾ ಬೈಂಡಿಂಗ್ ಎಂದು ಸೇರಿಸಿ. ಇಲ್ಲದಿದ್ದರೆ ಟೇಬಲ್ ಡ್ರಾಪ್ ಮಾಡಲು ವ್ಯೂ ಅಡ್ಡ ಬರುತ್ತದೆ, ಕ್ಯಾಸ್ಕೇಡ್ ಎಂದು ಬಲವಂತ ಮಾಡಿದರೆ ವ್ಯೂ ಕೂಡ ಹೋಗುತ್ತದೆ. ಹೊಸದಾಗಿ ವಿನ್ಯಾಸ ಮಾಡುತ್ತಿರುವವರು ಇದನ್ನೇ ಅನುಸರಿಸಬೇಕೆಂಬುದು ನನ್ನ ದೃಢ ಅಭಿಪ್ರಾಯ.

ಬೇರೆ ವೇರ್‌ಹೌಸ್‌ಗಳಲ್ಲಿ

ಗೂಗಲ್‌ನ ಬಿಗ್‌ಕ್ವೆರಿಯಲ್ಲಿ ವ್ಯಾಕ್ಯೂಮ್ ಎಂಬುದೇ ಇಲ್ಲ. ದಿನಾಂಕದ ಪಾರ್ಟಿಶನ್‌ಗಳಿಗೆ (ಟೇಬಲ್‌ನ ದಿನಾಂಕವಾರು ವಿಭಾಗಗಳಿಗೆ) ಅವಧಿ ನಿಗದಿಪಡಿಸಿದರೆ ಅವು ತಾವಾಗಿ ಅಳಿಯುತ್ತವೆ. ಅಳಿದದ್ದು ಟೈಮ್ ಟ್ರಾವೆಲ್‌ನಲ್ಲಿ (ಹಳೆಯ ಸ್ಥಿತಿಯನ್ನು ನಾವೇ ಮರಳಿ ನೋಡಬಹುದಾದ ಅವಧಿ) ಸಾಮಾನ್ಯವಾಗಿ 7 ದಿನ, ಬೇಕಾದರೆ ಕಡಿಮೆ ಮಾಡಿ 2 ದಿನ ಉಳಿಯುತ್ತದೆ, ಆಮೇಲೆ ಫೇಲ್-ಸೇಫ್ ಎಂಬ ತುರ್ತು ಮರುಪಡೆಯುವಿಕೆಯ ಅವಧಿಯಲ್ಲಿ ಇನ್ನೂ 7 ದಿನ. ಫಿಸಿಕಲ್ ಬಿಲ್ಲಿಂಗ್ (ಸಂಕುಚಿಸಿದ ಗಾತ್ರಕ್ಕೆ ಶುಲ್ಕ) ಆರಿಸಿಕೊಂಡವರಿಗೆ ಈ ಎರಡಕ್ಕೂ ಶುಲ್ಕವಿದೆ, ಲಾಜಿಕಲ್ ಬಿಲ್ಲಿಂಗ್‌ನವರಿಗೆ (ಸಂಕುಚಿಸದ ಗಾತ್ರಕ್ಕೆ ಶುಲ್ಕ) ಇಲ್ಲ. 90 ದಿನ ಮುಟ್ಟದ ಪಾರ್ಟಿಶನ್‌ಗೆ ದರ ಸುಮಾರು ಅರ್ಧಕ್ಕೆ ಇಳಿಯುವುದರಿಂದ, ಹಳೆಯ ದತ್ತಾಂಶವನ್ನು ಅಳಿಸುವುದಕ್ಕಿಂತ ಹಾಗೇ ಬಿಡುವುದೇ ಲೇಸೆನಿಸುವ ಸಂದರ್ಭಗಳೂ ಇವೆ.

ಸ್ನೋಫ್ಲೇಕ್‌ನಲ್ಲಿ ಡಿಲೀಟ್, ಟ್ರಂಕೇಟ್, ಡ್ರಾಪ್ ಮೂರೂ ದತ್ತಾಂಶವನ್ನು ಮೊದಲು ಟೈಮ್ ಟ್ರಾವೆಲ್‌ಗೆ ತಳ್ಳುತ್ತವೆ. ಅದರ ಅವಧಿ ಸಾಮಾನ್ಯವಾಗಿ 1 ದಿನ, ಎಂಟರ್‌ಪ್ರೈಸ್ ಆವೃತ್ತಿಯಲ್ಲಿ 90 ದಿನದವರೆಗೆ ಹೆಚ್ಚಿಸಬಹುದು. ಶಾಶ್ವತ ಟೇಬಲ್‌ಗಳಿಗೆ ಅದಾದ ಮೇಲೆ 7 ದಿನದ ಫೇಲ್-ಸೇಫ್ ಇದೆ, ಅದನ್ನು ಕಡಿಮೆ ಮಾಡಲು ಬರುವುದಿಲ್ಲ. ಅಂದರೆ 90 ದಿನ ಇಟ್ಟುಕೊಂಡವರಿಗೆ ಇಂದು ಅಳಿಸಿದ ಟೇಬಲ್‌ನ ಶುಲ್ಕ 97 ದಿನಗಳ ನಂತರ ನಿಲ್ಲುತ್ತದೆ. ಆ ಟೇಬಲ್‌ನಿಂದ ಕ್ಲೋನ್ ಮಾಡಿದ ಬೇರೊಂದು ಟೇಬಲ್ ಇದ್ದರೆ, ಅದು ಹಂಚಿಕೊಂಡಿರುವ ಭಾಗ ಆಗಲೂ ಹೋಗುವುದಿಲ್ಲ. ಟೇಬಲ್_ಸ್ಟೋರೇಜ್_ಮೆಟ್ರಿಕ್ಸ್ ವ್ಯೂ ಈ ನಾಲ್ಕನ್ನೂ, ಅಂದರೆ ಚಾಲ್ತಿಯಲ್ಲಿರುವುದು, ಟೈಮ್ ಟ್ರಾವೆಲ್, ಫೇಲ್-ಸೇಫ್ ಮತ್ತು ಕ್ಲೋನ್‌ಗಾಗಿ ಉಳಿದಿರುವುದನ್ನು, ಬೇರೆ ಬೇರೆಯಾಗಿ ತೋರಿಸುತ್ತದೆ. ಪ್ರತಿದಿನ ತುಂಬಿ ಪ್ರತಿದಿನ ಖಾಲಿ ಮಾಡುವ ಸ್ಟೇಜಿಂಗ್ ಟೇಬಲ್‌ಗಳನ್ನು ಅಲ್ಲಿ ಫೇಲ್-ಸೇಫ್ ಇಲ್ಲದ ಟ್ರಾನ್ಸಿಯೆಂಟ್ ಬಗೆಯಲ್ಲಿ ರಚಿಸಿ, ಟೈಮ್ ಟ್ರಾವೆಲ್ ಅವಧಿಯನ್ನು 0 ಎಂದು ಇಟ್ಟರೆ ಅವುಗಳ ಜಾಗ ಈ ಎರಡು ಅವಧಿಗಳಿಗಾಗಿ ಕಾಯಬೇಕಿಲ್ಲ.